ಓದಿನ ಖರ್ಚು ಯಾರ ಥೈಲಿಯಿಂದ?

 

ಮೇ ತಿಂಗಳ ಕೊನೆ ಮತ್ತು ಜೂನ್ ತಿಂಗಳ ಮೊದಲ ವಾರಗಳಲ್ಲಿ ಜುಮಾ ನಮಾಝ್ ಮುಗಿದ ಮೇಲೆ ಮಿಂಬರಿನ ಬಳಿ ನಮ್ಮನ್ನು ಕಾಯುವವರ ಸಂಖ್ಯೆ ಹೆಚ್ಚುತ್ತದೆ. ಅವರು ದುಆ ಮಾಡಿಸಲು ಬಂದವರಲ್ಲ. ಅವರ ಕೈಯಲ್ಲಿ ಫೀಸಿನ ಚೀಟಿ ಇರುತ್ತದೆ. "ಹಜ್ರತ್, ಝಕಾತ್ ಫಂಡಿನಲ್ಲಿ ಏನಾದರೂ ಉಳಿದಿದೆಯೇ?" ಎಂದು ಕೇಳುತ್ತಾರೆ. ರಮಝಾನಿನಲ್ಲೇ ಹಂಚಿ ಮುಗಿಸಿದ ಫಂಡಿನಲ್ಲಿ ಜೂನ್ ತಿಂಗಳಿಗೆ ಏನು ಉಳಿದೀತು?

ಮೂರು ವರ್ಷಗಳ ಹಿಂದೆ ನಮ್ಮ ಮೊಹಲ್ಲಾದ ಒಬ್ಬ ಹುಡುಗಿ ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದಳು. ನರ್ಸಿಂಗ್ ಸೀಟು ಸಿಕ್ಕಿತು. ಫೀಸು, ಹಾಸ್ಟೆಲ್ ಎಲ್ಲ ಸೇರಿ ಮೊದಲ ವರ್ಷಕ್ಕೆ ಸುಮಾರು ಒಂದು ಲಕ್ಷ ಬೇಕಾಗಿತ್ತು. ತಂದೆ ಆಟೋ ಓಡಿಸುವವರು. ತಮ್ಮ ಖಾಸಗಿ ಶಾಲೆಯಲ್ಲಿದ್ದಾನೆ, ಇಬ್ಬರದ್ದೂ ಆಗುವುದಿಲ್ಲ ಎಂದರು. ನಾಲ್ಕು ತಿಂಗಳಲ್ಲಿ ಆಕೆಯ ನಿಕಾಹ್ ಆಯಿತು. ಖುತ್ಬಾ ಓದಿದವರು ನಾವೇ. ಶಾಮಿಯಾನ ಹಾಕಿ, ಊಟ ಬಡಿಸಿ, ಸಾಲ ಮಾಡಿ ಆ ದಿನ ಖರ್ಚು ಮಾಡಿದ ಹಣ ಆ ಒಂದು ಲಕ್ಷಕ್ಕಿಂತ ಕಡಿಮೆಯಿರಲಿಲ್ಲ. ಆ ಊಟವನ್ನು ನಾವೂ ಉಂಡೆವು. ಅದೇ ತಿಂಗಳು ನಮ್ಮ ಮಸೀದಿಯ ವುಝೂಖಾನೆಗೆ ಹೊಸ ಟೈಲ್ಸ್ ಹಾಕಿಸಿದ ಬಿಲ್ಲನ್ನೂ ಜಮಾಅತ್ ಪಾವತಿಸಿತು.

ಆ ದಿನದಿಂದ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಕೊರೆಯುತ್ತಿದೆ. ಒಂದು ಮಗುವಿನ ಓದಿನ ಖರ್ಚು ಯಾರ ಹೊಣೆ? ಸರಕಾರದ್ದೇ, ಜಮಾಅತಿನದ್ದೇ, ಹೆತ್ತವರದ್ದೇ? ಖುತ್ಬಾದಲ್ಲಿ ಇದನ್ನು ಸ್ವಲ್ಪ ಹೇಳಿದ್ದೆವು. ಸಮಯ ಸಾಲಲಿಲ್ಲ. ಇತಿಹಾಸ ಇದಕ್ಕೆ ಏನು ಉತ್ತರ ಕೊಡುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮದೀನಾದ ಮೊದಲ ಲೆಕ್ಕ

ಹಿಜರಿ 2ನೇ ವರ್ಷ, ಅಂದರೆ ಕ್ರಿ.ಶ. 624ರಲ್ಲಿ ಬದ್ರ್ ಯುದ್ಧ ನಡೆಯಿತು. ಮಕ್ಕಾದ ಸುಮಾರು 70 ಮಂದಿ ಸೆರೆ ಸಿಕ್ಕರು. ಅವರ ಬಿಡುಗಡೆಗೆ ಅವರವರ ಶಕ್ತಿಗೆ ತಕ್ಕಂತೆ 1,000 ದಿರ್ಹಮಿನಿಂದ 4,000 ದಿರ್ಹಮಿನವರೆಗೆ ಫಿದ್‌ಯಾ ನಿಗದಿಯಾಯಿತು. ಮದೀನಾ ಆಗ ಶ್ರೀಮಂತ ಊರಾಗಿರಲಿಲ್ಲ. ಮುಹಾಜಿರರು ಮನೆ, ವ್ಯಾಪಾರ ಎಲ್ಲವನ್ನೂ ಬಿಟ್ಟು ಬಂದಿದ್ದರು. ಮಸೀದಿಯ ಸುಫ್ಫಾದಲ್ಲಿ ಹಸಿದ ಹೊಟ್ಟೆಯ ವಿದ್ಯಾರ್ಥಿಗಳಿದ್ದರು. ಪ್ರತಿಯೊಂದು ದಿರ್ಹಮೂ ಬೇಕಾಗಿದ್ದ ಕಾಲ ಅದು.

ಆದರೂ ಸೆರೆಯಾಳುಗಳಲ್ಲಿ ಹಣವಿಲ್ಲದ, ಆದರೆ ಓದು ಬರಹ ಬಲ್ಲವರಿಗೆ ಪ್ರವಾದಿ(ಸ) ಬೇರೆ ದಾರಿ ತೋರಿಸಿದರು. ಒಬ್ಬೊಬ್ಬರು ಮದೀನಾದ ಹತ್ತು ಮಕ್ಕಳಿಗೆ ಅಕ್ಷರ ಕಲಿಸಬೇಕು, ಅದೇ ಅವರ ಫಿದ್‌ಯಾ. ಇದನ್ನು ನಾವು ಸಾಮಾನ್ಯವಾಗಿ ಕರುಣೆಯ ಘಟನೆಯಾಗಿ ಹೇಳುತ್ತೇವೆ. ಇದು ಲೆಕ್ಕಪತ್ರದ ಘಟನೆಯೂ ಹೌದು. ಬಡ ರಾಜ್ಯವೊಂದು ತನ್ನ ಬೊಕ್ಕಸಕ್ಕೆ ಸೇರಬಹುದಾಗಿದ್ದ ಆದಾಯವನ್ನು ಬಿಟ್ಟು ಮಕ್ಕಳ ಓದಿಗೆ ಕೊಟ್ಟಿತು. ಕಲಿಸಿದವರು ನಿನ್ನೆಯವರೆಗೆ ಶತ್ರುಗಳಾಗಿದ್ದವರು. ಹಾಗೆ ಕಲಿತ ಮಕ್ಕಳಲ್ಲಿ ಝೈದ್ ಬಿನ್ ಸಾಬಿತ್(ರ) ಒಬ್ಬರೆಂದು ಸೀರಾ ಗ್ರಂಥಗಳಲ್ಲಿದೆ. ಮುಂದೆ ಖಲೀಫ ಅಬೂಬಕರ್(ರ)ರ ಕಾಲದಲ್ಲಿ ಕುರ್‌ಆನನ್ನು ಒಂದು ಸಂಪುಟದಲ್ಲಿ ಸಂಗ್ರಹಿಸುವ ಹೊಣೆ ಹೊತ್ತವರು ಅವರೇ.

ಹೆಣ್ಣುಮಕ್ಕಳ ವಿಷಯವೂ ಇಲ್ಲಿದೆ. ಶಿಫಾ ಬಿಂತ್ ಅಬ್ದುಲ್ಲಾಹ್(ರ) ಬರೆಯಲು ಬಲ್ಲ ಮಹಿಳೆಯಾಗಿದ್ದರು. ಅವರು ಹಫ್ಸಾ(ರ)ರಿಗೆ ಬರಹ ಕಲಿಸಿದರು. ಝೈದ್(ರ) ಸಂಗ್ರಹಿಸಿದ ಆ ಸಂಪುಟ ಕೊನೆಗೆ ಬಂದು ಸೇರಿದ್ದು ಇದೇ ಹಫ್ಸಾ(ರ)ರ ಕೈಗೆ. ಅಕ್ಷರ ಕಲಿತ ಒಬ್ಬ ಹುಡುಗ ಬರೆದದ್ದನ್ನು ಅಕ್ಷರ ಕಲಿತ ಒಬ್ಬ ಮಹಿಳೆ ಕಾಪಾಡಿದರು. ಖಲೀಫ ಉಮರ್(ರ)ರ ಕಾಲದಲ್ಲಿ ಮದೀನಾದ ಮೂವರು ಅಧ್ಯಾಪಕರಿಗೆ ತಿಂಗಳಿಗೆ ತಲಾ 15 ದಿರ್ಹಮ್ ಕೊಡಲಾಗುತ್ತಿತ್ತು ಎಂಬ ವರದಿಯೂ ಇದೆ.

ನೂಲುವವನ ಮಗ, ಬೀದರಿನ ಮದ್ರಸ

ಸರಕಾರದ ಥೈಲಿಯ ಜೊತೆ ಇನ್ನೊಂದು ಥೈಲಿ ಬೆಳೆಯಿತು. ಅದು ವಕ್ಫ್. ಹೊಲ, ಅಂಗಡಿ, ಛತ್ರಗಳ ಆದಾಯವನ್ನು ಶಾಶ್ವತವಾಗಿ ಓದುವವರಿಗೆ ಬಿಟ್ಟುಕೊಡುವ ಪದ್ಧತಿ ಇದು.

ಇದರ ಬೆಲೆ ತಿಳಿಯಲು ಇಮಾಮ್ ಗಝಾಲಿ(ರಹ್)ರ ಬಾಲ್ಯ ನೋಡಬೇಕು. ಅವರ ತಂದೆ ಉಣ್ಣೆ ನೂತು ಮಾರುತ್ತಿದ್ದ ಬಡವರು. ತಮಗೆ ಓದಲಾಗಲಿಲ್ಲ, ಮಕ್ಕಳಾದರೂ ಓದಲಿ ಎಂದು ಇದ್ದಷ್ಟು ಹಣವನ್ನೂ ಇಬ್ಬರು ಮಕ್ಕಳನ್ನೂ ಒಬ್ಬ ಸೂಫಿ ಗೆಳೆಯರಿಗೆ ಒಪ್ಪಿಸಿ ತೀರಿಕೊಂಡರು. ಹಣ ಬೇಗ ಮುಗಿಯಿತು. ಆ ಗೆಳೆಯರೂ ಬಡವರೇ. ನೀವು ಮದ್ರಸಕ್ಕೆ ಸೇರಿ, ಅಲ್ಲಿ ಊಟವಾದರೂ ಸಿಗುತ್ತದೆ ಎಂದು ಹುಡುಗರನ್ನು ಕಳುಹಿಸಿದರು. ಮನೆಯ ಥೈಲಿ ಬರಿದಾದ ದಿನ ಸಮಾಜದ ಥೈಲಿ ತೆರೆದಿತ್ತು. ಆ ಊಟಕ್ಕಾಗಿ ಹೋದ ಹುಡುಗ 1091ರಲ್ಲಿ ಬಗ್ದಾದಿನ ನಿಝಾಮಿಯಾ ಮದ್ರಸದ ಪ್ರಧಾನ ಅಧ್ಯಾಪಕರಾದರು. ಆ ಮದ್ರಸವನ್ನು 1067ರಲ್ಲಿ ವಝೀರ್ ನಿಝಾಮುಲ್ ಮುಲ್ಕ್ ವಕ್ಫ್ ಆಸ್ತಿಯ ಬಲದ ಮೇಲೆ ಆರಂಭಿಸಿದ್ದರು. ಅಂದು ಆ ಮದ್ರಸದಲ್ಲಿ ಒಂದು ತಟ್ಟೆ ಊಟ ಇರದಿದ್ದರೆ ಗಝಾಲಿಯವರ ಗ್ರಂಥಗಳು ನಮಗೆ ಸಿಗುತ್ತಿದ್ದವೇ?

ನಮ್ಮ ನಾಡಿನಲ್ಲಿ ಇದರ ಸಾಕ್ಷಿ ಬೀದರಿನಲ್ಲಿದೆ. ಬಹಮನಿ ರಾಜ್ಯದ ವಝೀರ್ ಮಹಮೂದ್ ಗವಾನ್ ಇರಾನಿನಿಂದ ವ್ಯಾಪಾರಿಯಾಗಿ ಬಂದವರು. 1472ರಲ್ಲಿ ಅವರ ಮದ್ರಸ ಪೂರ್ಣಗೊಂಡಿತು. ಮೂರು ಅಂತಸ್ತಿನ ಕಟ್ಟಡ, ವಿದ್ಯಾರ್ಥಿಗಳಿಗೆ ಕೋಣೆಗಳು, ಸುಮಾರು 3,000 ಗ್ರಂಥಗಳ ಗ್ರಂಥಾಲಯ. ಓದುವವರಿಗೆ ವಸತಿ, ಊಟ ಉಚಿತ. 1481ರಲ್ಲಿ ಸುಳ್ಳು ಆರೋಪದ ಮೇಲೆ ಸುಲ್ತಾನ ಅವರ ತಲೆ ಕಡಿಸಿದ. ಬಳಿಕ ಅವರ ಸಂಪತ್ತನ್ನು ಹುಡುಕಿದಾಗ ಅವರ ಸ್ವಂತದ್ದೆಂದು ಸಿಕ್ಕಿದ್ದು ತೀರ ಅಲ್ಪ ಹಣ ಎಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾರೆ. ಬೀದರಿಗೆ ಹೋದವರು ಆ ಮದ್ರಸದ ಉಳಿದ ಒಂದು ಮಿನಾರದ ಬಳಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಒಳಗಿನ ಸಣ್ಣ ಕೋಣೆಗಳನ್ನೂ ನೋಡಬೇಕು. ಗವಾನರ ಹಣ ಹೋದದ್ದು ಅಲ್ಲಿಗೆ.

ಬಳ್ಳಾರಿಯ ವರದಿ

ಈಗ 350 ವರ್ಷ ಮುಂದೆ ಬರೋಣ. ಟಿಪ್ಪು ಸುಲ್ತಾನರ ಪತನವಾಗಿ ಎರಡು ದಶಕ ಕಳೆದಿತ್ತು. ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಜಿಲ್ಲೆ ಇಂದಿಗಿಂತ ದೊಡ್ಡದು, ಅನಂತಪುರವೂ ಅದರಲ್ಲೇ ಇತ್ತು. 1822ರಲ್ಲಿ ಗವರ್ನರ್ ಥಾಮಸ್ ಮನ್ರೋ ಪ್ರತಿಯೊಂದು ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದರು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದರು.

ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಕನ್ನಡದ್ದು 235, ತೆಲುಗಿನದ್ದು 226, ಮರಾಠಿ 23, ಸಂಸ್ಕೃತ 23, ಪರ್ಷಿಯನ್ 21, ತಮಿಳು 4, ಇಂಗ್ಲಿಷ್ 1. ಒಟ್ಟು ವಿದ್ಯಾರ್ಥಿಗಳು 6,641. ಜನಸಂಖ್ಯೆ 9 ಲಕ್ಷಕ್ಕೂ ಹೆಚ್ಚು. ಅಂದರೆ ಸಾವಿರಕ್ಕೆ ಸುಮಾರು ಏಳು ಮಂದಿ ಮಾತ್ರ ಓದುತ್ತಿದ್ದರು.

ಕಾರಣವನ್ನೂ ಅವರು ಬರೆದರು. ಕಂಪೆನಿ ಸರಕಾರದ ಅಧಿಕಾರಿಯೇ ಆಗಿದ್ದರೂ ಮುಚ್ಚಿಡಲಿಲ್ಲ. ಹಿಂದಿನ ರಾಜರು ವಿದ್ಯೆಗೆ ಭೂಮಿ, ಹಣ ಕೊಡುತ್ತಿದ್ದರು. ಈಗ ಈ 533ರಲ್ಲಿ ಒಂದಕ್ಕೂ ಸರಕಾರದ ನೆರವಿಲ್ಲ, ಇದನ್ನು ಹೇಳಲು ನಾಚಿಕೆಯಾಗುತ್ತದೆ ಎಂಬರ್ಥದ ಮಾತು ಆ ವರದಿಯಲ್ಲಿದೆ. ಇಂಗ್ಲೆಂಡಿನ ಮಗ್ಗದ ಬಟ್ಟೆ ಬಂದು ಇಲ್ಲಿಯ ನೇಕಾರರ ಬದುಕು ಕುಸಿದಿತ್ತು. ನಾಡಿನ ಹಣ ಹೊರಗೆ ಹರಿಯುತ್ತಿತ್ತು. ಮಧ್ಯಮ ಮತ್ತು ಕೆಳವರ್ಗದ ಹೆಚ್ಚಿನ ಪೋಷಕರಿಗೆ ಓದಿನ ಖರ್ಚು ಭರಿಸಲು ಆಗುತ್ತಿರಲಿಲ್ಲ. ಮಗುವಿನ ಕೈಗಳಿಗೆ ಸ್ವಲ್ಪ ಬಲ ಬಂದೊಡನೆ ಮನೆಯ ದುಡಿಮೆಗೆ ಅದು ಬೇಕಾಗುತ್ತಿತ್ತು. ಸರಕಾರದ ಥೈಲಿ ಮುಚ್ಚಿತು, ಊರಿನ ಥೈಲಿ ಬತ್ತಿತು, ಉಳಿದದ್ದು ಮನೆಯ ಹರಿದ ಥೈಲಿ ಮಾತ್ರ.

ಆ ವರದಿಯ ಇನ್ನೊಂದು ಸಾಲು ನಮ್ಮ ಎದೆಗೆ ನೇರ ಬಡಿಯುತ್ತದೆ. 6,641 ವಿದ್ಯಾರ್ಥಿಗಳಲ್ಲಿ ಮುಸ್ಲಿಮರು 243. ಇಡೀ ಜಿಲ್ಲೆಯ ಶಾಲೆಗಳಲ್ಲಿ ಹೆಣ್ಣುಮಕ್ಕಳು 60. ಆ 60 ಮಂದಿಯೂ ಹಿಂದೂ ಮನೆಗಳವರು. ಮುಸ್ಲಿಮ್ ಹುಡುಗಿಯರ ಸಂಖ್ಯೆ ಸೊನ್ನೆ. ಮನೆಯಲ್ಲೇ ಕುರ್‌ಆನ್ ಕಲಿತವರು ಇದ್ದಿರಬಹುದು. ಶಾಲೆಯ ಲೆಕ್ಕದಲ್ಲಿ ಮಾತ್ರ ಸೊನ್ನೆ. ಹಫ್ಸಾ(ರ)ರ ಸಮುದಾಯದ ಲೆಕ್ಕ ಇದು.

ಹತ್ತು ವರ್ಷ ಹಿಂದೆ, 1813ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟ್ ಭಾರತದ ವಿದ್ಯೆಗೆ ವರ್ಷಕ್ಕೆ ಕನಿಷ್ಠ 1 ಲಕ್ಷ ರೂಪಾಯಿ ಮೀಸಲಿಡಬೇಕೆಂದು ಕಾನೂನು ಮಾಡಿತ್ತು. ಇಷ್ಟು ದೊಡ್ಡ ದೇಶಕ್ಕೆಲ್ಲ ಸೇರಿ ಒಂದು ಲಕ್ಷ! ಅದನ್ನು ಹೇಗೆ ಖರ್ಚು ಮಾಡಬೇಕೆಂದು ನೋಡಲು ಕಲ್ಕತ್ತಾದಲ್ಲಿ ಸಮಿತಿ ರಚನೆಯಾದದ್ದೇ 1823ರಲ್ಲಿ.

ವಕ್ಫಿನ ಕಥೆಯೂ ಅದೇ. ಬಂಗಾಳದ ಹೂಗ್ಲಿಯ ಹಾಜಿ ಮುಹಮ್ಮದ್ ಮೊಹ್ಸಿನ್ 1806ರಲ್ಲಿ ತಮ್ಮ ಆಸ್ತಿಯನ್ನು ವಕ್ಫ್ ಮಾಡಿದ್ದರು. ಅವರ ನಿಧನದ ನಂತರ ಸರಕಾರ ಅದರ ಆಡಳಿತವನ್ನು ಕೈಗೆ ತೆಗೆದುಕೊಂಡು 1836ರಲ್ಲಿ ಅದೇ ಹಣದಿಂದ ಒಂದು ಇಂಗ್ಲಿಷ್ ಕಾಲೇಜು ತೆರೆಯಿತು. ಅಲ್ಲಿ ಓದುತ್ತಿದ್ದ ಮುಸ್ಲಿಮರು ಬೆರಳೆಣಿಕೆಯಷ್ಟು. 1871ರಲ್ಲಿ ಡಬ್ಲ್ಯು.ಡಬ್ಲ್ಯು. ಹಂಟರ್ ಎಂಬ ಅಧಿಕಾರಿಯೇ ಇದನ್ನು ಅನ್ಯಾಯವೆಂದು ಬರೆದರು. 1873ರಲ್ಲಿ ಆ ನಿಧಿ ಮತ್ತೆ ಮುಸ್ಲಿಮ್ ವಿದ್ಯಾರ್ಥಿಗಳ ಓದಿಗೆ ಮೀಸಲಾಯಿತು. ನಡುವೆ ಒಂದು ಪೀಳಿಗೆಯೇ ಕಳೆದುಹೋಗಿತ್ತು.

ಮುಷ್ಟಿ ಧಾನ್ಯದ ಮದ್ರಸ

ಎರಡೂ ಥೈಲಿ ಮುಚ್ಚಿದಾಗ ನಮ್ಮ ಹಿರಿಯರು ಕೈಕಟ್ಟಿ ಕೂರಲಿಲ್ಲ. 1866ರಲ್ಲಿ ದೇವಬಂದಿನ ಒಂದು ಸಣ್ಣ ಮಸೀದಿಯಲ್ಲಿ, ದಾಳಿಂಬೆ ಮರದ ಕೆಳಗೆ, ಒಬ್ಬ ಉಸ್ತಾದರು ಮತ್ತು ಒಬ್ಬ ವಿದ್ಯಾರ್ಥಿಯೊಂದಿಗೆ ಪಾಠ ಆರಂಭವಾಯಿತು. ಮೌಲಾನಾ ಕಾಸಿಮ್ ನಾನೋತವಿ(ರಹ್) ಇಟ್ಟ ನಿಯಮ ಸ್ಪಷ್ಟವಾಗಿತ್ತು. ಸರಕಾರದ ಅಥವಾ ನವಾಬರ ಖಾಯಂ ಹಣವನ್ನು ನೆಚ್ಚಬಾರದು, ಸಾಮಾನ್ಯ ಜನರ ಚಂದಾದಿಂದ ನಡೆಯಬೇಕು. ಜನ ಧಾನ್ಯ, ಬಟ್ಟೆ, ಒಂದು ಹೊತ್ತಿನ ಊಟ ಕೊಟ್ಟರು. 1875ರಲ್ಲಿ ಅಲಿಗಢದಲ್ಲಿ ಸರ್ ಸಯ್ಯಿದ್ ಅಹ್ಮದ್ ಖಾನ್ ಬೇರೆ ದಾರಿ ಹಿಡಿದರು. ಅವರು ಸರಕಾರದ ನೆರವನ್ನೂ ಕೇಳಿದರು, ಊರೂರು ತಿರುಗಿ ಚಂದಾವನ್ನೂ ಎತ್ತಿದರು. ದಾರಿ ಬೇರೆಯಾದರೂ ಇಬ್ಬರೂ ಓದಿನ ಖರ್ಚನ್ನು ತಂದೆಯೊಬ್ಬನ ತಲೆಯ ಮೇಲೆ ಬಿಡಲಿಲ್ಲ.

ನಮ್ಮ ಕರಾವಳಿಯಲ್ಲಿ 1919ರಲ್ಲಿ ಭಟ್ಕಳದ ಅಂಜುಮನ್ ಹುಟ್ಟಿತು. 1966ರಲ್ಲಿ ಬೆಂಗಳೂರಿನಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಅಲ್ ಅಮೀನ್ ಸಂಸ್ಥೆ ಕಟ್ಟಿದರು. ಇಂದು ನಮ್ಮಲ್ಲಿರುವ ಎಷ್ಟೋ ಡಾಕ್ಟರು, ವಕೀಲರು, ಅಧ್ಯಾಪಕಿಯರು ಇಂಥ ಸಂಸ್ಥೆಗಳ ಮೆಟ್ಟಿಲು ಹತ್ತಿ ಬಂದವರು.

ಆರರ ಮಾತು

ಸ್ವತಂತ್ರ ಭಾರತದ ಸಂವಿಧಾನ 14 ವರ್ಷದವರೆಗಿನ ಎಲ್ಲ ಮಕ್ಕಳಿಗೆ ಹತ್ತು ವರ್ಷದೊಳಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕೆಂದು 45ನೇ ವಿಧಿಯಲ್ಲಿ ಹೇಳಿತು. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ರಾಷ್ಟ್ರೀಯ ಆದಾಯದ ಶೇ. 6ರಷ್ಟನ್ನು ಶಿಕ್ಷಣಕ್ಕೆ ಕೊಡುವ ಗುರಿ ಇಟ್ಟಿತು. 1968ರ ಶಿಕ್ಷಣ ನೀತಿಯಲ್ಲಿ ಆ 6 ಬಂತು. 1986ರಲ್ಲಿ ಮತ್ತೆ ಬಂತು. 2020ರ ನೀತಿಯಲ್ಲೂ ಇದೆ. ಅಜ್ಜನಿಗೆ ಕೊಟ್ಟ ಮಾತು ಮೊಮ್ಮಗನ ಕಾಲದಲ್ಲೂ ಕಾಗದದಲ್ಲೇ ಉಳಿದಿದೆ. ಶಿಕ್ಷಣ ಹಕ್ಕು ಕಾನೂನು 2010ರ ಏಪ್ರಿಲ್ 1ರಂದು ಜಾರಿಯಾಯಿತು. ಅದೂ 6ರಿಂದ 14 ವರ್ಷದವರಿಗೆ. ನಮ್ಮ ಮೊಹಲ್ಲಾದ ಆ ಹುಡುಗಿ ಪಿಯುಸಿ ಮುಗಿಸುವ ಹೊತ್ತಿಗೆ ಆ ಕಾನೂನಿನ ನೆರಳು ದಾಟಿಯಾಗಿತ್ತು.

ಸರಕಾರ ಹಿಂದೆ ಸರಿದಲ್ಲಿ ಏನಾಗುತ್ತದೆ ಎಂಬುದನ್ನು ಕರ್ನಾಟಕ ಬೇಗನೇ ಕಂಡಿತು. ವೃತ್ತಿಪರ ಕಾಲೇಜುಗಳ ಡೊನೇಷನ್ ಹಾವಳಿ ಎಷ್ಟಿತ್ತೆಂದರೆ 1984ರಲ್ಲಿ ಕ್ಯಾಪಿಟೇಷನ್ ನಿಷೇಧ ಕಾನೂನು ತರಬೇಕಾಯಿತು. 1989ರಲ್ಲಿ ಸರಕಾರ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ವಾರ್ಷಿಕ ಶುಲ್ಕ ನಿಗದಿ ಮಾಡಿತು. ಸರಕಾರಿ ಸೀಟಿಗೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ. ಈ ವ್ಯವಸ್ಥೆಯ ವಿರುದ್ಧ ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಸುಪ್ರೀಮ್ ಕೋರ್ಟಿಗೆ ಹೋದರು. 1992ರಲ್ಲಿ ಕೋರ್ಟ್ ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದಿತು, ಓದು ಬದುಕಿನ ಹಕ್ಕಿನ ಭಾಗ ಎಂದಿತು. ಮುಂದಿನ ತೀರ್ಪುಗಳಲ್ಲಿ ಇದು ಬಹಳ ಬದಲಾಯಿತು. ಆದರೆ ಫೀಸಿನ ಚೀಟಿ ಹಿಡಿದು ನಿಂತ ಒಬ್ಬ ಹುಡುಗಿ ಇಡೀ ದೇಶದ ಮುಂದೆ ಈ ಪ್ರಶ್ನೆ ಇಟ್ಟದ್ದು ಸಣ್ಣ ಸಂಗತಿಯಲ್ಲ.

ಇಂದಿನ ಲೆಕ್ಕ

2025ರಲ್ಲಿ ಕೇಂದ್ರ ಸರಕಾರದ ಅಂಕಿ ಅಂಶ ಇಲಾಖೆ ಶಾಲಾ ಖರ್ಚಿನ ಸಮೀಕ್ಷೆ ನಡೆಸಿತು. ಒಂದು ಶೈಕ್ಷಣಿಕ ವರ್ಷದಲ್ಲಿ ಸರಕಾರಿ ಶಾಲೆಯ ಒಬ್ಬ ವಿದ್ಯಾರ್ಥಿಗೆ ಮನೆಯವರು ಸರಾಸರಿ 2,863 ರೂಪಾಯಿ ಖರ್ಚು ಮಾಡುತ್ತಾರೆ. ಇತರ ಶಾಲೆಗಳಲ್ಲಿ ಅದು 25,002 ರೂಪಾಯಿ. ನೂರರಲ್ಲಿ ಸುಮಾರು 27 ಮಕ್ಕಳು ಇದರ ಮೇಲೆ ಟ್ಯೂಷನ್ನಿಗೂ ಹೋಗುತ್ತಾರೆ. ಓದಿನ ಹಣದ ಮುಖ್ಯ ಮೂಲ ಯಾವುದೆಂದು ಕೇಳಿದಾಗ ಶೇ. 95 ಮಂದಿ ಮನೆಯವರೇ ಎಂದರು. ಸರಕಾರದ ಸ್ಕಾಲರ್‌ಶಿಪ್ ಎಂದವರು ಶೇ. 1.2. ಅದರ ನಡುವೆ 2022ರಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಪ್ರೀ ಮೆಟ್ರಿಕ್ ಸ್ಕಾಲರ್‌ಶಿಪ್ಪನ್ನು 9 ಮತ್ತು 10ನೇ ತರಗತಿಗೆ ಸೀಮಿತಗೊಳಿಸಲಾಯಿತು. ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ನಿಲ್ಲಿಸಲಾಯಿತು.

ಇಷ್ಟು ಹೇಳಿ ಸರಕಾರವನ್ನು ದೂರಿ ಎದ್ದುಹೋದರೆ ಅದು ಅರ್ಧ ಸತ್ಯ. ನಮ್ಮದೇ ಥೈಲಿಯ ಲೆಕ್ಕವೂ ಇದೆ. 2006ರ ಸಾಚಾರ್ ಸಮಿತಿ ದೇಶದಲ್ಲಿ 4.9 ಲಕ್ಷ ನೋಂದಾಯಿತ ವಕ್ಫ್ ಆಸ್ತಿಗಳಿವೆ, ಮಾರುಕಟ್ಟೆ ಬೆಲೆ 1.2 ಲಕ್ಷ ಕೋಟಿ ರೂಪಾಯಿ ಎಂದು ಅಂದಾಜಿಸಿತು. ಅವುಗಳಿಂದ ಬರುತ್ತಿದ್ದ ವಾರ್ಷಿಕ ಆದಾಯ ಸುಮಾರು 163 ಕೋಟಿ. ಸರಿಯಾಗಿ ನಡೆಸಿದರೆ 12,000 ಕೋಟಿ ಬರಬಹುದಿತ್ತು ಎಂದಿತು ಸಮಿತಿ. ಅತಿಕ್ರಮಣ ಮಾಡಿದವರು ಎಷ್ಟು ಮಂದಿ, ದಶಕಗಳ ಹಳೆಯ ಬಾಡಿಗೆ ಕೊಟ್ಟು ಅಂಗಡಿ ಹಿಡಿದಿರುವ ನಮ್ಮವರೇ ಎಷ್ಟು ಮಂದಿ? ಗಝಾಲಿಯಂಥ ಹುಡುಗ ಇಂದು ಬಂದು ಊಟ ಕೇಳಿದರೆ ಯಾವ ಬಾಗಿಲಿಗೆ ಕಳುಹಿಸೋಣ?

ಇನ್ನು ಮನೆಯ ಥೈಲಿ. ಅದು ಬಡ ಥೈಲಿ ನಿಜ. ಆದರೆ ಅದು ಯಾರಿಗೆ ಮೊದಲು ತೆರೆಯುತ್ತದೆ, ಯಾವುದಕ್ಕೆ ತೆರೆಯುತ್ತದೆ ಎಂಬುದು ನಮ್ಮ ಕೈಯಲ್ಲಿದೆ. ಮದುವೆಗೆ ಸಾಲ ಸಿಗುತ್ತದೆ, ಮಗಳ ಕಾಲೇಜಿಗೆ ಸಿಗುವುದಿಲ್ಲ. ಮಗನಿಗೆ ಖಾಸಗಿ ಶಾಲೆ, ಮಗಳಿಗೆ ಸಿಕ್ಕಷ್ಟು. ಎಲ್ಲ ಹೊರೆಯೂ ಮನೆಯ ಮೇಲೆ ಬಿದ್ದಾಗ ಮೊದಲು ಹೊರಗುಳಿಯುವವಳು ಹೆಣ್ಣುಮಗು. ಬಳ್ಳಾರಿಯ ಸೊನ್ನೆ ಹೇಳುವ ಪಾಠ ಅದೇ. ಆದ್ದರಿಂದ ಮೂರೂ ಥೈಲಿಗಳು ಒಟ್ಟಿಗೆ ತೆರೆದಿರಬೇಕು.

ನಮ್ಮ ಓದುಗ ಕುಟುಂಬಗಳಲ್ಲಿ ನಮ್ಮ ವಿನಂತಿ ಮೂರು. ಮನೆಯಲ್ಲಿ ವರ್ಷದ ಖರ್ಚು ಬರೆಯುವಾಗ ಮೊದಲ ಸಾಲಿನಲ್ಲಿ ಓದು ಬರೆಯಿರಿ, ಮಗನ ಹೆಸರಿನ ಪಕ್ಕದಲ್ಲೇ ಮಗಳ ಹೆಸರೂ ಇರಲಿ. ಜಮಾಅತಿನವರು ಝಕಾತಿನ ಒಂದು ಪಾಲನ್ನು ಫೀಸಿನ ಕಾಲಕ್ಕೆ ಉಳಿಸಿಡಲಿ. ಬಡ ವಿದ್ಯಾರ್ಥಿಗೆ ಝಕಾತ್ ಸಲ್ಲುತ್ತದೆ. ಸ್ಕಾಲರ್‌ಶಿಪ್ಪಿನ ಕೊನೆಯ ದಿನಾಂಕಗಳನ್ನು ಮಸೀದಿಯ ಬೋರ್ಡಿನಲ್ಲಿ ನಮಾಝ್ ವೇಳಾಪಟ್ಟಿಯ ಪಕ್ಕದಲ್ಲೇ ಅಂಟಿಸಿರಿ. ಮೂರನೆಯದು, ಸರಕಾರಿ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗಿ ಕೂರಿರಿ, ಓಟು ಕೇಳಲು ಬಂದವರ ಬಳಿ ರಸ್ತೆಯ ಜೊತೆ ಶಾಲೆಯನ್ನೂ ಕೇಳಿರಿ. ಒಂದು ಬಿಸ್ಕತ್ತಿನ ಪೊಟ್ಟಣ ಕೊಂಡರೂ ತೆರಿಗೆ ಕಟ್ಟುವ ನಮಗೆ ಕೇಳುವ ಹಕ್ಕಿದೆ.

ಈ ವರ್ಷ ನಮ್ಮ ಜಮಾಅತ್ ಫಂಡಿನ ಮೂರನೇ ಒಂದು ಪಾಲನ್ನು ಜೂನ್ ತಿಂಗಳಿಗೆಂದು ಎತ್ತಿಟ್ಟಿತು. ಅಲ್‌ಹಮ್ದುಲಿಲ್ಲಾಹ್. ಸಮಿತಿಯವರು ಒಂಬತ್ತು ಹೆಸರುಗಳ ಪಟ್ಟಿ ತಂದು ನಮ್ಮ ಕೈಗಿತ್ತರು. ಒಂಬತ್ತೂ ಗಂಡುಮಕ್ಕಳು. ನಾವು ಪಟ್ಟಿಯನ್ನು ಹಿಂದಿರುಗಿಸಿ, ಇನ್ನೊಮ್ಮೆ ಮನೆ ಮನೆಗೆ ಹೋಗಿ ಕೇಳಿ ಬನ್ನಿ ಎಂದೆವು. ಮುಂದಿನ ಜುಮಾಕ್ಕೆ ಪಟ್ಟಿಯಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಹೊಸ ಐದೂ ಹುಡುಗಿಯರದ್ದು. ಅವರು ಮೊದಲೂ ಇದ್ದರು, ಕೇಳುವವರು ಇರಲಿಲ್ಲ.

ಅಲ್ಲಾಹನು ನಮ್ಮ ಸಂಪಾದನೆಯಲ್ಲಿ ಬರಕತ್ ನೀಡಲಿ. ಅದನ್ನು ಸರಿಯಾದ ಕಡೆ ಖರ್ಚು ಮಾಡುವ ಬುದ್ಧಿಯನ್ನೂ ನೀಡಲಿ. ನಮ್ಮ ಕೈಯಿಂದ ಓದು ತಪ್ಪಿದ ಮಕ್ಕಳ ವಿಷಯದಲ್ಲಿ ನಮ್ಮನ್ನು ಕ್ಷಮಿಸಲಿ. ಆಮೀನ್.